ಎಡಗಡೆಯ ದೀಪ

ಕಾರನ್ನು ಕೊಳ್ಳಲು ಬಂದವರು ಹಲ್ಲಿನ ಡಾಕ್ಟರು. ನಡುವಯಸ್ಸಿನ, ಚುರುಕು ಮಾತಿನ ಹೆಂಗಸು. ಬಾನೆಟ್ಟನ್ನು ಎತ್ತಿಸಿ, ಕೈಯಲ್ಲಿದ್ದ ಸಣ್ಣ ಟಾರ್ಚನ್ನು ಒಳಗೆ ಬಿಟ್ಟು, ರೋಗಿಯ ಬಾಯಿಯನ್ನು ನೋಡುವ ರೀತಿಯಲ್ಲೇ ಮೇಲಿನ ಸಾಲು ಕೆಳಗಿನ ಸಾಲು ಎಲ್ಲವನ್ನೂ ನೋಡಿದರು. ಅಲ್ಲಲ್ಲಿ ಉಗುರಿನಿಂದ ತಟ್ಟಿ ಸದ್ದು ಕೇಳಿದರು. ಕೊನೆಗೆ ದೀಪಗಳನ್ನು ಹಾಕಿಸಿ, ಎದುರಿಗೆ ನಿಂತು ತಲೆಯಾಡಿಸಿದರು.

"ಬೇರೆಲ್ಲ ಗಟ್ಟಿಯಾಗಿದೆ. ಆದರೆ ಎಡಗಡೆ ಹೆಡ್‌ಲೈಟೇ ಬರ್ತಿಲ್ಲವಲ್ಲ ಯಜಮಾನರೇ."

ಸ್ಟಿಯರಿಂಗಿನ ಹಿಂದೆ ಕುಳಿತಿದ್ದ ಮುದುಕ ಕಿಟಕಿಯಿಂದ ತಲೆ ಹೊರಗೆ ಹಾಕಿ, ಮಾತು ಬಂದ ದಿಕ್ಕಿಗಿಂತ ತುಸು ಪಕ್ಕಕ್ಕೆ ಮುಖ ಮಾಡಿ, "ಬರ್ತಿಲ್ಲವಾ? ಛೆ ಛೆ, ನಿನ್ನೆ ಬರ್ತಿತ್ತಲ್ಲ!" ಎಂದ.

ನಿನ್ನೆ ಬರುತ್ತಿತ್ತೋ ಇಲ್ಲವೋ, ಅವನು ಕಂಡವನಲ್ಲ. ಕಣ್ಣಿನ ನರ ಒಣಗುತ್ತ ಬಂದು, ಈಗ ಅವನ ಪಾಲಿಗೆ ಲೋಕವೆಂದರೆ ಕೊಳೆಯಾದ ಗಾಜಿನಾಚೆ ಅಲ್ಲಾಡುವ ನೆರಳುಗಳು ಅಷ್ಟೆ. ಆದರೂ ಗತ್ತು ಇಳಿದಿರಲಿಲ್ಲ. ಜೀವಮಾನವೆಲ್ಲ ಖಾಸಗಿ ಕಂಪನಿಯ ಬಸ್ಸನ್ನು ಓಡಿಸಿದ ಡ್ರೈವರಲ್ಲವೆ!

"ಕ್ಲಿನಿಕ್ ಮುಗಿಸಿ ಸಂಜೆ ಮತ್ತೆ ಬರ್ತೀನಿ," ಎಂದರು ಡಾಕ್ಟರು ಟಾರ್ಚನ್ನು ಚೀಲಕ್ಕೆ ಸೇರಿಸುತ್ತ. "ನಮ್ಮೂರಿನ ದಾರಿಯಲ್ಲಿ ಒಂದು ಬೀದಿದೀಪವೂ ಇಲ್ಲ. ಒಂಟಿಗಣ್ಣಿನ ಗಾಡಿಯಲ್ಲಿ ನಾನು ಹೋಗಲ್ಲ. ಎರಡೂ ಬಂದರೆ ಇವತ್ತೇ ತಗೊಂಡು ಹೋಗ್ತೀನಿ. ಇಲ್ಲದಿದ್ದರೆ ಬೇಡ, ಬೇಜಾರು ಮಾಡ್ಕೋಬೇಡಿ."

ಈ ಮಾತುಕತೆ ನಡೆಯುವಾಗ ಮನೆಗೆ ಅಂಟಿದ ಶೆಡ್ಡಿನ ಕಂಬಕ್ಕೆ ಒರಗಿ ನಿಂತಿದ್ದವನು ಚಿಲ್ಲರೆ. ತಾಯ್ತಂದೆ ಇಟ್ಟ ಹೆಸರು ಬೇರೆಯೇ ಇತ್ತು. ಅದು ಎಂದೋ ಸವೆದುಹೋಗಿತ್ತು. ಆ ಮುದುಕ ಡ್ರೈವರಣ್ಣನ ಬಸ್ಸಿಗೆ ಅವನೇ ಕಂಡಕ್ಟರು. ಮಿಕ್ಕ ಚಿಲ್ಲರೆ ಕೇಳಿದವರಿಗೆಲ್ಲ "ಇಳಿಯುವಾಗ ಕೊಡ್ತೀನಿ" ಎನ್ನುತ್ತಿದ್ದ. ಅವರು ಇಳಿಯುವ ಹೊತ್ತಿಗೆ ಅವನ ಕಣ್ಣು ಆಕಾಶದಲ್ಲಿರುತ್ತಿತ್ತು. ಹಾಗೆ ಅಂಟಿಕೊಂಡ ಹೆಸರು, ಕಂಪನಿ ಮುಚ್ಚಿದರೂ ಅವನನ್ನು ಬಿಡಲಿಲ್ಲ. ಬಿಡದೆ ಉಳಿದದ್ದು ಎರಡೇ: ಆ ಹೆಸರು, ಮತ್ತೆ ಡ್ರೈವರಣ್ಣ.

ಚಿಲ್ಲರೆ ಮದುವೆಯಾದವನಲ್ಲ. ಇಸ್ತ್ರಿ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ ಅವನ ವಾಸ. ಕೆಳಗಿನಿಂದ ಹಗಲೆಲ್ಲ ಬಿಸಿ ಬಟ್ಟೆಯ ವಾಸನೆ ಮೇಲೇರುತ್ತಿತ್ತು. ಅಷ್ಟೂ ಬೇರೆಯವರ ಬಟ್ಟೆ. ಬೆಳಗಾದರೆ ಪತ್ರಿಕೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಟಯರ್ ಅಂಗಡಿಯ ಹಿಂದಿದ್ದ ಡ್ರೈವರಣ್ಣನ ಎರಡು ಕೋಣೆಯ ಬಾಡಿಗೆ ಮನೆಗೆ ನಡೆದುಬಿಡುತ್ತಿದ್ದ. ಕಣ್ಣು ಕಾಣದವನಿಗೆ ಸುದ್ದಿ ಓದಿ ಹೇಳುವುದು ನೆಪ. ಓದಬೇಕಾದವನು ತಾನೋ ಕೇಳಬೇಕಾದವನು ಅವನೋ, ಯಾರಿಗೆ ಯಾರ ಅಗತ್ಯ ಹೆಚ್ಚೆಂಬುದನ್ನು ಇಬ್ಬರೂ ಎಂದೂ ಕೆದಕಿರಲಿಲ್ಲ.

ಈಗ ಅದಕ್ಕೂ ಕೊನೆ ಬಂದಿತ್ತು. ಡ್ರೈವರಣ್ಣನ ಮಗಳು ಅಪ್ಪನನ್ನು ತನ್ನ ಊರಿಗೆ ಕರೆದೊಯ್ಯಲು ಪಟ್ಟು ಹಿಡಿದಿದ್ದಳು. ಅವಳದು ನ್ಯಾಯವೇ. ಆದರೆ ಮುದುಕನ ಹಟವೂ ಕಡಿಮೆಯದಲ್ಲ: "ಈ ಗಾಡಿಯನ್ನ ಗುಜರಿಗೆ ಹಾಕಿ ನಾನು ಬರೋನಲ್ಲ. ಓಡಿಸೋರ ಕೈಗೆ ಕೊಟ್ಟ ದಿನ ಬರ್ತೀನಿ." ಹಿಂದೊಮ್ಮೆ ಅವಳು ಬಾಡಿಗೆ ವ್ಯಾನು ತಂದು, ಖಾಲಿ ವ್ಯಾನಿನಲ್ಲೇ ಅಳುತ್ತ ಹಿಂತಿರುಗಿದ್ದಳು. ಇಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಮತ್ತೆ ಬರುವವಳಿದ್ದಳು. ಡಾಕ್ಟರಮ್ಮ ಕಾರನ್ನು ಒಯ್ದರೆ ಡ್ರೈವರಣ್ಣ ವ್ಯಾನು ಹತ್ತುತ್ತಾನೆ. ಒಯ್ಯದಿದ್ದರೆ ಇಲ್ಲೇ ಉಳಿಯುತ್ತಾನೆ. ಹೀಗೆ ಆ ಎಡಗಡೆಯ ದೀಪಕ್ಕೂ ಚಿಲ್ಲರೆಯ ನಾಳೆಯ ಬೆಳಗಿಗೂ ಗಂಟು ಬಿದ್ದಿತ್ತು.

"ಮೆಕ್ಯಾನಿಕ್ಕನ್ನ ಕರೆಸೋಣ್ವಾ?" ಎಂದು ಚಿಲ್ಲರೆ ಕೇಳಿದ, ಕೇಳಬೇಕಲ್ಲ ಎಂದು.

"ಈಗಿನವರಿಗೆ ಒಂದು ದೀಪ ತೋರಿಸಿದರೆ, ಇಡೀ ವೈರಿಂಗ್ ಕಿತ್ತು ಹೊಸದು ಹಾಕಬೇಕು ಅಂತಾರೆ. ಸಂಜೆಯೊಳಗೆ ಆಗೋ ಮಾತಾ? ಇದಕ್ಕೆ ವೈರಿಂಗ್ ಮಾಡಿದವನು ನಾನು. ಪ್ರತಿಯೊಂದು ತಂತಿ ಎಲ್ಲಿ ಮಲಗಿದೆ, ಎಲ್ಲಿ ಮಗ್ಗುಲು ಬದಲಿಸಿದೆ, ನನಗೆ ಗೊತ್ತು. ನೀನು ಮಾಡು, ನಾನು ಹೇಳ್ತೀನಿ."

"ನಾನಾ? ನನಗೆ ಟಿಕೆಟ್ ಹರಿಯೋದು ಬಿಟ್ಟರೆ ಬೇರೇನು ಬರತ್ತೆ ಡ್ರೈವರಣ್ಣ?"

"ಅದೂ ಸರಿಯಾಗಿ ಬರ್ತಿರಲಿಲ್ಲ, ಬಿಡು. ತಲೆ ನನ್ನದು, ಕಣ್ಣು ಕೈ ನಿನ್ನದು. ಇಬ್ಬರನ್ನೂ ಕೂಡಿಸಿದರೆ ಒಬ್ಬ ಅರೆಬರೆ ಮೆಕ್ಯಾನಿಕ್ ಆದರೂ ಆಗ್ತಾನೆ."

ಹೀಗೆ ಕೆಲಸ ಶುರುವಾಯಿತು. ಬ್ಯಾಟರಿ ಹಳೆಯದು, ದೀಪ ಪರೀಕ್ಷಿಸುವಷ್ಟು ಹೊತ್ತೂ ಎಂಜಿನ್ ಓಡುತ್ತಲೇ ಇರಬೇಕು. ಡ್ರೈವರಣ್ಣ ಸೀಟಿನಲ್ಲಿ ಕುಳಿತು ಸ್ವಿಚ್ಚು ಒತ್ತುವುದು, ಚಿಲ್ಲರೆ ಮುಂದೆ ನಿಂತು ಕಂಡದ್ದನ್ನು ಕೂಗಿ ಹೇಳುವುದು. ನಡುವೆ ಎತ್ತಿ ನಿಲ್ಲಿಸಿದ ಬಾನೆಟ್ಟು ಗೋಡೆಯಂತೆ ನಿಂತಿತ್ತು. ಒಬ್ಬರ ಮುಖ ಒಬ್ಬರಿಗೆ ಕಾಣದು. ದನಿ ಮಾತ್ರ ಅತ್ತಿಂದಿತ್ತ ಓಡಾಡುತ್ತಿತ್ತು.

"ಮೊದಲು ಬಲಗಡೆ ಬಲ್ಬನ್ನ ಎಡಗಡೆಗೆ ಹಾಕು. ಗಾಜಿಗೆ ಬೆರಳು ತಾಗಿಸಬೇಡ, ಬಟ್ಟೆಯಲ್ಲಿ ಹಿಡಿ. ನಿನ್ನ ಬೆರಳಿನ ಜಿಡ್ಡು ಹತ್ತಿದರೆ ಅದು ಬಿಸಿಯಾಗಿ ಒಡೆದೇ ಹೋಗತ್ತೆ."

ಚಿಲ್ಲರೆ ಅಂಗಿಯ ಚುಂಗಿನಲ್ಲಿ ಬಲ್ಬನ್ನು ಹಿಡಿದು, ಹಿಂದಿನ ಸ್ಪ್ರಿಂಗಿನೊಡನೆ ಗುದ್ದಾಡಿ, ಹೆಬ್ಬೆರಳನ್ನು ತರಚಿಕೊಂಡು, ಅಂತೂ ಕೂರಿಸಿದ.

"ಬಂತಾ?"

"ಇಲ್ಲ."

"ಹಾಗಾದರೆ ಬಲ್ಬಿನ ತಪ್ಪಲ್ಲ. ಎರಡನ್ನೂ ಮೊದಲಿದ್ದ ಜಾಗಕ್ಕೇ ಹಾಕು. ಸ್ಟಿಯರಿಂಗ್ ಕೆಳಗೆ ಫ್ಯೂಸಿನ ಡಬ್ಬಿ ಇದೆ, ಬಾ. ಎಡಗಡೆ ದೀಪದ್ದು ಕೆಳಗಿನ ಸಾಲಿನ ತುದಿಯದು. ತೆಗೆದು ಬೆಳಕಿಗೆ ಹಿಡಿ. ಒಳಗಿನ ಎಳೆ ತುಂಡಾಗಿದೆಯಾ?"

"ಇಲ್ಲ, ನಿನ್ನ ಹಟದ ಹಾಗೆ ಗಟ್ಟಿಯಾಗಿದೆ."

"ನಾಲಿಗೆ ಚೆನ್ನಾಗಿ ಓಡತ್ತೆ, ಕೈ ಓಡಲ್ಲ. ಡಿಕ್ಕಿಯಲ್ಲಿ ಟೆಸ್ಟ್ ಲ್ಯಾಂಪ್ ಇದೆ, ತಗೊಂಡು ಬಾ."

ಟೆಸ್ಟ್ ಲ್ಯಾಂಪ್ ಎಂದರೆ ಎರಡು ಉದ್ದ ತಂತಿ ಕಟ್ಟಿದ ಒಂದು ಸಣ್ಣ ಬಲ್ಬು. ಡ್ರೈವರಣ್ಣ ಹೇಳಿದಂತೆ ಚಿಲ್ಲರೆ ಅದರ ಒಂದು ತುದಿಯನ್ನು ಹೆಡ್‌ಲೈಟಿಗೆ ಬರುವ ತಂತಿಯ ಬಾಯಿಗೆ ಚುಚ್ಚಿ, ಇನ್ನೊಂದನ್ನು ಎಂಜಿನ್ನಿನ ಬರಿಯ ಕಬ್ಬಿಣಕ್ಕೆ ಒತ್ತಿದ. ಸಣ್ಣ ಬಲ್ಬು ಝಗ್ಗನೆ ಹೊತ್ತಿತು.

"ಇದು ಬಂತು! ಪಕ್ಕಾ ಬಂತು!"

"ಕುಣೀಬೇಡ. ಕರೆಂಟು ದೀಪದವರೆಗೆ ಬರ್ತಿದೆ ಅಂತಾಯ್ತು ಅಷ್ಟೆ. ಈಗ ನೋಡಿ ಹೇಳು, ನಾನು ದೊಡ್ಡ ದೀಪ ಹಾಕಿದಾಗ ಪಕ್ಕದ ಇಂಡಿಕೇಟರಿನ ಬಲ್ಬು ಮಿಣುಕ್ತಿದೆಯಾ?"

ಚಿಲ್ಲರೆ ಬಗ್ಗಿ, ಕೈಯನ್ನು ಮರೆ ಮಾಡಿಕೊಂಡು ನೋಡಿದ. "ಹೂಂ. ಸಾಯೋ ಮಿಂಚುಹುಳದ ಹಾಗೆ ಮಿಣುಕ್ತಿದೆ. ಅದನ್ನ ಯಾರು ಹಾಕಿದರು?"

ಬಾನೆಟ್ಟಿನ ಆಚೆಯಿಂದ ಗಂಟಲಿನ ನಗು ಕೇಳಿತು. "ಸಿಕ್ಕಿತು ಕಳ್ಳ. ಅರ್ತ್ ಹೋಗಿದೆ."

"ಅರ್ತ್ ಅಂದರೆ?"

"ಲೋ ಚಿಲ್ಲರೆ, ಡಿಪೋದಿಂದ ಹೊರಟ ಬಸ್ಸು ರಾತ್ರಿ ಎಲ್ಲಿಗೆ ಬರಬೇಕು?"

"ಡಿಪೋಗೇ."

"ವಾಪಸು ಬರೋ ದಾರಿಯಲ್ಲಿ ಸೇತುವೆ ಕುಸಿದಿದೆ ಅಂದರೆ ಮಾರನೇ ದಿನ ಬಸ್ಸು ಬಿಡ್ತಾರಾ? ಬಿಡಲ್ಲ. ಕರೆಂಟೂ ಅಷ್ಟೆ. ಬ್ಯಾಟರಿಯಿಂದ ಹೊರಟದ್ದು ದೀಪ ಮುಟ್ಟಿ ಬ್ಯಾಟರಿಗೇ ವಾಪಸು ಬರಬೇಕು. ಬರೋ ದಾರಿ ಮುಚ್ಚಿದರೆ ಹೋಗೋ ದಾರಿ ಇದ್ದೂ ಇಲ್ಲದ ಹಾಗೆ. ನಮ್ಮದು ಈಗ ಸ್ವಂತ ದಾರಿ ಮುಚ್ಚಿದೆ ಅಂತ ಪಕ್ಕದ ಮನೆ ಹಿತ್ತಿಲಿಂದ ನುಗ್ಗೋಕೆ ನೋಡ್ತಿದೆ. ಅದಕ್ಕೇ ಆ ಇಂಡಿಕೇಟರ್ ಮಿಣುಕ್ತಿರೋದು."

ಚಿಲ್ಲರೆಗೆ ಬದುಕಿನಲ್ಲಿ ಯಾವ ಮೇಷ್ಟರೂ ಇಷ್ಟು ಚೆನ್ನಾಗಿ ಪಾಠ ಹೇಳಿದ್ದು ನೆನಪಿರಲಿಲ್ಲ. ಆ ಖುಷಿಯಲ್ಲೇ ಮುಂದಿನ ಆಜ್ಞೆಯನ್ನೂ ನಡೆಸಿದ: ಒಂದು ಬಿಡಿ ತಂತಿಯ ತುದಿಯನ್ನು ದೀಪದ ಹಿಂದಿನ ಕಪ್ಪು ತಂತಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ನೇರವಾಗಿ ಬ್ಯಾಟರಿಯ ಮೈನಸ್ಸಿಗೆ ಮುಟ್ಟಿಸಬೇಕು. ಮುಚ್ಚಿದ ದಾರಿಗೆ ಬದಲಾಗಿ ಒಂದು ಕಾಲುಹಾದಿ.

ಮುಟ್ಟಿಸಿದ.

ಎಡಗಡೆಯ ದೀಪ ಹೊತ್ತಿತು. ಮಿಣುಕಲಿಲ್ಲ, ತಡವರಿಸಲಿಲ್ಲ, ಇಷ್ಟು ದಿನ ಎಲ್ಲಿಗೂ ಹೋಗಿರಲೇ ಇಲ್ಲವೆಂಬಂತೆ ತುಂಬು ಬೆಳಕಾಗಿ ಹೊತ್ತಿತು. ಮಧ್ಯಾಹ್ನದ ಶೆಡ್ಡಿನ ಮಬ್ಬಿನಲ್ಲಿ ಅದರ ಬೆಳಕು ಚಿಲ್ಲರೆಯ ಅಂಗಿಯ ಗುಂಡಿಗಳ ಮೇಲೆ, ಗ್ರೀಸು ಮೆತ್ತಿದ ಅಂಗೈಯ ಮೇಲೆ ಬಿತ್ತು. ಬಗ್ಗಿ ನೋಡಿದರೆ ಕಪ್ಪು ತಂತಿಯ ದಾರಿಯೂ ಕಾಣುತ್ತಿತ್ತು: ಬ್ಯಾಟರಿಯ ತಟ್ಟೆಯ ಕೆಳಗೆ, ತುಕ್ಕಿನ ಮೇಲೆ ಹಸಿರು ಪುಡಿ ಹಿಡಿದ ಒಂದು ಬೋಲ್ಟು. ಬಿಚ್ಚಿ, ಉಜ್ಜಿ, ಬಿಗಿದರೆ ಮುಗಿಯಿತು. ಟಿಕೆಟ್ ಹರಿಯುವವನೂ ಮಾಡಬಹುದಾದ ಕೆಲಸ.

"ಬಂತಾ?" ಎಂದಿತು ಬಾನೆಟ್ಟಿನಾಚೆಯ ದನಿ.

ಚಿಲ್ಲರೆ ಬಾಯಿ ತೆರೆದ. ನಾಳೆಯ ಬೆಳಗು ಅವನ ಕಣ್ಣಿಗೆ ಕಟ್ಟಿತು. ಎದ್ದು, ಪತ್ರಿಕೆ ಕೊಂಡು, ಅದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಮೆಟ್ಟಿಲಿಳಿದು ನಿಂತ ಒಬ್ಬ ಮನುಷ್ಯ. ಇಸ್ತ್ರಿ ಅಂಗಡಿಯವನು "ಎಲ್ಲಿಗೆ?" ಎಂದು ಕೇಳುತ್ತಾನೆ. ಅವನಿಗೆ ಹೇಳಲು ಈ ಮನುಷ್ಯನ ಬಳಿ ಒಂದು ಊರಿಲ್ಲ, ಒಂದು ಬೀದಿಯಿಲ್ಲ.

"ಇಲ್ಲ," ಎಂದ ಚಿಲ್ಲರೆ. "ಬರಲಿಲ್ಲ."

ಎಂಜಿನ್ನು ತನ್ನಷ್ಟಕ್ಕೆ ಓಡುತ್ತಿತ್ತು. ಆಮೇಲೆ ಸ್ವಿಚ್ಚು ಆರಿದ ಸದ್ದಾಯಿತು. ಎಂಜಿನ್ನೂ ಕೆಮ್ಮಿ ನಿಂತಿತು. ಚಿಲ್ಲರೆ ಕಳ್ಳನಂತೆ ಬಿಡಿ ತಂತಿಯನ್ನು ಕಿತ್ತು ಜೇಬಿಗೆ ಸೇರಿಸಿದ.

"ಬರಲಿಲ್ಲವಾ," ಎಂದ ಡ್ರೈವರಣ್ಣ ನಿಧಾನವಾಗಿ. "ಹಾಗಾದರೆ ಒಳಗೆಲ್ಲೋ ತಂತಿಯೇ ತುಂಡಾಗಿರಬೇಕು. ಡ್ಯಾಶ್‌ಬೋರ್ಡ್ ಬಿಚ್ಚೋಣ. ಬಾ ಒಳಗೆ, ಪಕ್ಕದಲ್ಲಿ ಕೂತ್ಕೋ."

ಆ ಮಧ್ಯಾಹ್ನದ ಮಾತನ್ನು ಏನೆಂದು ಹೇಳುವುದು! ಡ್ಯಾಶ್‌ಬೋರ್ಡಿನ ಹಲಗೆ ಕಳಚಿ, ಅದರ ಹಿಂದಿನ ತಂತಿಗಳ ಕಟ್ಟನ್ನು ಇಬ್ಬರೂ ತೊಡೆಯ ಮೇಲೆ ಹರವಿಕೊಂಡು ಕುಳಿತರು. ಬಿಡುವಿನ ದಿನ ನೂಲಿನ ಸಿಕ್ಕು ಬಿಡಿಸಲು ಕೂತ ಅತ್ತೆ ಸೊಸೆಯರಂತೆ. ಡ್ರೈವರಣ್ಣ ಒಂದೊಂದೇ ತಂತಿಯನ್ನು ಬೆರಳಿನಿಂದ ಸವರಿ "ಇದು ಯಾವ ಬಣ್ಣ?" ಎನ್ನುವನು. ಚಿಲ್ಲರೆ ಬಣ್ಣ ಹೇಳುವನು. "ಹಳದಿಯಾ? ಇದನ್ನ ಹಾಕಿದ ದಿನ ನಿನಗೆ ಜ್ವರ. ಬಸ್ಸಿನಲ್ಲಿ ಟಿಕೆಟ್ ಕೊಡ್ತಾ ಕೊಡ್ತಾ ಒಬ್ಬಳು ಅಜ್ಜಿಯ ತೊಡೆ ಮೇಲೆ ಮಲಗಿಬಿಟ್ಟಿದ್ದೆ."

"ಅಜ್ಜಿ ಟಿಕೆಟ್ಟಿಲ್ಲದೆ ಇಳಿದು ಹೋದಳು. ಅದಕ್ಕೇ ನನ್ನ ತಲೆ ಸವರ್ತಾ ಕೂತಿದ್ದಳು ಮುದುಕಿ."

"ಬರೀ ಅಜ್ಜಿಯಲ್ಲ, ಹಿಂದಿನ ಸೀಟಿನವರೂ ಇಳಿದು ಹೋದರು. ಆ ದಿನದ ಕಲೆಕ್ಷನ್ನು ನೋಡಿ ಮ್ಯಾನೇಜರ್ ನನ್ನನ್ನ ಕೇಳಿದ, ಇವತ್ತು ಶವಯಾತ್ರೆಗೇನಾದರೂ ಹೋಗಿದ್ರಾ ಅಂತ."

ಇಬ್ಬರೂ ನಕ್ಕರು. ಚಿಲ್ಲರೆಯ ನಗು ಗಂಟಲವರೆಗೆ ಬಂದು ಹುಳಿಯಾಗುತ್ತಿತ್ತು. ಹಾಲು ಕುಡಿದ ಬೆಕ್ಕಿಗೂ ಕಣ್ಣು ಮುಚ್ಚಿಕೊಳ್ಳುವಷ್ಟು ಬುದ್ಧಿಯಿರುತ್ತದೆ. ಅವನಿಗೆ ಅದೂ ಸಾಧ್ಯವಾಗಲಿಲ್ಲ. ಕಣ್ಣು ಮತ್ತೆ ಮತ್ತೆ ಬಾನೆಟ್ಟಿನ ಕಡೆಗೇ ಹೋಗುತ್ತಿತ್ತು. ಅತ್ತ ಡ್ರೈವರಣ್ಣನಿಗೋ ಅವಸರವೇ ಇರಲಿಲ್ಲ. ಸರಿಯಾಗಿರುವ ತಂತಿಯನ್ನೇ ಎರಡೆರಡು ಸಲ ಸವರುವನು, ಬಿಡಿಸಿದ್ದನ್ನು ಮತ್ತೆ ಸುತ್ತುವನು, ಸುತ್ತಿದ್ದನ್ನು ಮತ್ತೆ ಬಿಡಿಸುವನು.

ಬಿಸಿಲು ಶೆಡ್ಡಿನ ತಗಡಿನ ಅಂಚಿಗೆ ಜಾರಿದಾಗ ಡ್ರೈವರಣ್ಣ ಎದ್ದು, "ಟೀ ಕಾಯಿಸ್ತೀನಿ, ನೀನು ಏಳಬೇಡ. ನನ್ನ ಅಡುಗೆಮನೆಗೆ ಇನ್ನೊಬ್ಬರ ಕಾಲು ಬಿದ್ದರೆ ಸಾಮಾನೆಲ್ಲ ಜಾಗ ತಪ್ಪತ್ತೆ," ಎಂದು ಗೋಡೆಯನ್ನು ಸವರುತ್ತ ಒಳಗೆ ಹೋದ.

ಹೋದವನು ಎಷ್ಟು ಹೊತ್ತಾದರೂ ಬರಲಿಲ್ಲ. ಚಿಲ್ಲರೆ ಮೆಲ್ಲಗೆ ಹೋಗಿ ಬಾಗಿಲಲ್ಲಿ ನಿಂತು ನೋಡಿದ.

ಒಲೆಯ ಒಂದು ಬರ್ನರು ಹೊತ್ತಿತ್ತು; ಪಾತ್ರೆ ಇದ್ದದ್ದು ಇನ್ನೊಂದರ ಮೇಲೆ. ಡ್ರೈವರಣ್ಣ ಕತ್ತು ವಾಲಿಸಿ, ನೀರು ಕುದಿಯುವ ಸದ್ದಿಗಾಗಿ ಮೈಯೆಲ್ಲ ಕಿವಿಯಾಗಿ ಕಾಯುತ್ತ ನಿಂತಿದ್ದ. ಪಕ್ಕದಲ್ಲಿ ಖಾಲಿ ಬೆಂಕಿ ಬುಸುಗುಡುತ್ತಿತ್ತು. ಗುಂಡಿ ಹಾಕದ ಅವನ ಅಂಗಿಯ ತೋಳು ಆ ಬೆಂಕಿಯ ಮಗ್ಗುಲಲ್ಲೇ ತೂಗುತ್ತಿತ್ತು. ತೋಳಿನ ಅಂಚು ಆಗಲೇ ಎಲ್ಲೋ, ಯಾವತ್ತೋ ಸುಟ್ಟು ಕಂದಾಗಿತ್ತು. ಕುದಿಯದ ನೀರಿಗೆ ಅವನು ತೋರುತ್ತಿದ್ದ ತಾಳ್ಮೆಯನ್ನು ನೋಡಲಾರದೆ ಚಿಲ್ಲರೆಯ ಕಣ್ಣು ತಗ್ಗಿತು. ಬೆಳಿಗ್ಗೆ ಪತ್ರಿಕೆ ಓದಿ ಮಧ್ಯಾಹ್ನ ತಾನು ಕೋಣೆಗೆ ಹಿಂತಿರುಗಿದ ಮೇಲೆ ಈ ಮನೆಯಲ್ಲಿ ನಡೆಯುವುದನ್ನು ಅವನು ಈವರೆಗೆ ಒಮ್ಮೆಯೂ ಯೋಚಿಸಿರಲಿಲ್ಲ.

ಬೆಕ್ಕಿನ ಹೆಜ್ಜೆಯಿಟ್ಟು ಒಳಗೆ ಹೋಗಿ, ಪಾತ್ರೆಯನ್ನು ಎತ್ತಿ ಬೆಂಕಿಯ ಮೇಲಿಟ್ಟ. ಸಣ್ಣಗೆ ಸದ್ದಾಯಿತು.

"ಯಾರದು?" ಎಂದ ಡ್ರೈವರಣ್ಣ. "ಬೆಕ್ಕಾ?"

"ಹೂಂ, ಬೆಕ್ಕು."

"ಸರಿ. ಬೆಕ್ಕಿಗೂ ಒಂದು ಲೋಟ ಇಡ್ತೀನಿ, ಹೊರಗಿರಲಿ."

ಚಿಲ್ಲರೆ ಹೊರಗೆ ಬಂದವನೇ ಸ್ಪ್ಯಾನರು ಹುಡುಕಿದ. ಬ್ಯಾಟರಿಯ ತಟ್ಟೆಯನ್ನು ಸರಿಸಿ, ಹಸಿರು ಹಿಡಿದ ಬೋಲ್ಟಿಗೆ ಸ್ಪ್ಯಾನರು ಕೊಟ್ಟು, ಹಲ್ಲು ಕಚ್ಚಿ ತಿರುಗಿಸಿದ. ಮೊದಲು ಜಾರಿತು, ಆಮೇಲೆ ಕಿರುಗುಟ್ಟಿ ಸಡಿಲಾಯಿತು. ತಂತಿಯ ತುದಿಯ ಬಳೆಯನ್ನು, ಅದು ಕೂರುವ ಕಬ್ಬಿಣವನ್ನು ಮರಳುಕಾಗದದಿಂದ ಉಜ್ಜಿದ. ಬೆಳ್ಳಗೆ ಹೊಳೆಯುವವರೆಗೆ, ಬೆರಳಿನ ಗೆಣ್ಣು ತರಚುವವರೆಗೆ. ಇಷ್ಟು ಮನಸ್ಸಿಟ್ಟು ಅವನು ಬದುಕಿನಲ್ಲಿ ಯಾವ ಕೆಲಸವನ್ನೂ ಮಾಡಿದವನಲ್ಲ. ತನಗೆ ಬೇಡವಾದ ಕೆಲಸವನ್ನಂತೂ ಅಲ್ಲವೇ ಅಲ್ಲ. ಬಿಗಿದ. ಇನ್ನೂ ಒಂದು ಸುತ್ತು ಬಿಗಿದ.

"ಡ್ರೈವರಣ್ಣ, ಸ್ಟಾರ್ಟ್ ಮಾಡು. ದೀಪ ಹಾಕು."

ಟೀ ಲೋಟಗಳನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಡ್ರೈವರಣ್ಣ ಸೀಟಿಗೆ ಏರಿದ. ಎಂಜಿನ್ನು ಶುರುವಾಯಿತು, ದೀಪಗಳೂ ಹೊತ್ತಿದವು, ಎಡಗಡೆಯದು ಬಲಗಡೆಯದು ಎರಡೂ. ಅತ್ತ ಕಡೆಯಿಂದ ಈ ಸಲ ಪ್ರಶ್ನೆ ಬರಲಿಲ್ಲ. ಚಿಲ್ಲರೆಯೇ ಹೇಳಿದ: "ಬಂತು."

"ಹೂಂ."

"ಹೂಂ ಅಂದರೆ?"

"ಮಧ್ಯಾಹ್ನವೂ ಬಂದಿತ್ತು," ಎಂದ ಡ್ರೈವರಣ್ಣ.

ಚಿಲ್ಲರೆ ಬಾನೆಟ್ಟನ್ನು ಇಳಿಸಿದ. ಗಾಜಿನಾಚೆ ಮುದುಕನ ಮುಖ ಕಂಡಿತು. ಆ ಮುಖ ಎಂದಿನಂತೆ ತುಸು ಪಕ್ಕಕ್ಕೆ ನೋಡುತ್ತಿತ್ತು. ಚಿಲ್ಲರೆ ಅಲ್ಲಿಗೆ ಹೋಗಿ ಕಿಟಕಿಯಲ್ಲಿ ನಿಂತ.

"ಕಿವಿಕೊಟ್ಟು ಕೇಳು," ಎಂದು ಡ್ರೈವರಣ್ಣ ಸ್ವಿಚ್ಚು ಆರಿಸಿದ. ಎಂಜಿನ್ನಿನ ಉಸಿರು ಒಂದಿಷ್ಟು ಹಗುರವಾಯಿತು. ಮತ್ತೆ ಹಾಕಿದ, ಭಾರ ಹೊತ್ತವರ ನಡಿಗೆಯಂತೆ ಅದು ತುಸು ತಗ್ಗಿ, ಸಾವರಿಸಿಕೊಂಡು ನಡೆಯಿತು. "ಒಂದು ದೀಪದ ಭಾರ ಬೇರೆ, ಎರಡು ದೀಪದ ಭಾರ ಬೇರೆ. ಕಣ್ಣು ಹೋಗಿದೆ ಕಣೋ ಚಿಲ್ಲರೆ, ಕಿವಿ ಹೋಗಿಲ್ಲ."

"ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ? ಬಯ್ಯಬೇಕಿತ್ತು."

"ಬಸ್ಸಿನಲ್ಲಿ ನೀನು ಹಿಂದಿನಿಂದ ಸೀಟಿ ಊದಿ ನಿಲ್ಲಿಸು ಅಂದರೆ, ಯಾಕೆ ಅಂತ ನಾನು ಯಾವತ್ತಾದರೂ ತಿರುಗಿ ಕೇಳಿದ್ದೀನಾ? ನಿಲ್ಲಿಸ್ತಿದ್ದೆ. ಯಾರದೋ ಚಪ್ಪಲಿ ಬಿದ್ದಿರತ್ತೆ, ಯಾರದೋ ಮಗು 'ಅಮ್ಮಾ' ಅಂತ ಕೆಳಗೇ ಉಳಿದಿರತ್ತೆ. ಹಿಂದೆ ಏನಾಗಿದೆ ಅಂತ ಕಾಣೋದು ನಿನಗೆ." ಮುದುಕ ತಡೆದು ಹೇಳಿದ: "ಮತ್ತೆ ನಾನೇನು ಕಲ್ಲಾ? ನನಗೂ ಒಂದು ಮಧ್ಯಾಹ್ನ ಬೇಕಾಗಿತ್ತು ಅಂತ ಇಟ್ಕೋ."

ಟೀ ಆರಿ ಹೋಗಿತ್ತು. ಅದಕ್ಕೆ ಸಕ್ಕರೆಯನ್ನೇ ಹಾಕಿರಲಿಲ್ಲ. ಇಬ್ಬರೂ ಕುಡಿದರು, ಯಾರೂ ಅದನ್ನು ಹೇಳಲಿಲ್ಲ. ಆಮೇಲೆ ಡ್ಯಾಶ್‌ಬೋರ್ಡಿನ ಹಲಗೆಯನ್ನು ಇಬ್ಬರೂ ಕೂಡಿ ಮತ್ತೆ ಕೂರಿಸಿದರು.

ಡಾಕ್ಟರು ಹೇಳಿದ ಹೊತ್ತಿಗೇ ಬಂದರು. ಎರಡೂ ದೀಪಗಳ ಮುಂದೆ ಅಂಗೈ ಹಿಡಿದು ನೋಡಿ, "ಭೇಷ್! ಯಾರು ರಿಪೇರಿ ಮಾಡಿದ್ದು?" ಎಂದರು.

"ಬೆಕ್ಕು," ಎಂದ ಡ್ರೈವರಣ್ಣ.

ಕಾಗದಪತ್ರ, ಕೀಲಿಕೈ ಎಲ್ಲವೂ ಕೈ ಬದಲಾದವು. ಮುದುಕ ಕಾರಿನ ಮೈಯನ್ನು ಬಾನೆಟ್ಟಿನಿಂದ ಡಿಕ್ಕಿಯವರೆಗೆ ಒಮ್ಮೆ ಸವರಿಕೊಂಡು ಬಂದ, ಸಂತೆಯಲ್ಲಿ ಎತ್ತನ್ನು ಮಾರಿದವನಂತೆ. ಆಮೇಲೆ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತುಬಿಟ್ಟ.

"ಇದರ ಕ್ಲಚ್ಚು ಸ್ವಲ್ಪ ಮೊಂಡು ಡಾಕ್ಟರಮ್ಮ. ಹೊಸಬರ ಕಾಲಿಗೆ ಬೇಗ ಬಗ್ಗಲ್ಲ. ಲೋ ಚಿಲ್ಲರೆ, ಹೆದ್ದಾರಿಯವರೆಗೆ ಜೊತೆಗೆ ಹೋಗಿ ಬಾ. ಗೇರು ಬದಲಿಸುವಾಗ ಹೇಳಿಕೊಡು."

"ನನಗೇನು ಗೊತ್ತು ಕ್ಲಚ್ಚು? ನಾನು..."

"ನನ್ನ ಪಕ್ಕ ಇಷ್ಟು ವರ್ಷ ಕೂತಿದ್ದು ಏನು ಮಾಡಿದೆ ಹಾಗಾದರೆ? ಹೋಗು, ಹೋಗು. ಕತ್ತಲಾಗತ್ತೆ ಅವರಿಗೆ."

ಚಿಲ್ಲರೆ ಹತ್ತಿದ. ಗಲ್ಲಿಯ ತಿರುವಿನಲ್ಲಿ ಹಿಂತಿರುಗಿ ನೋಡಿದಾಗ ಡ್ರೈವರಣ್ಣ ಮೆಟ್ಟಿಲ ಮೇಲೆ ನಿಂತಿದ್ದ. ಕಾರು ಹೋದ ದಿಕ್ಕಿಗಿಂತ ತುಸು ಪಕ್ಕಕ್ಕೆ ನೋಡುತ್ತ, ಎಂಜಿನ್ನಿನ ಸದ್ದು ಇಂಗುವವರೆಗೂ ಅಲ್ಲಾಡದೆ.

ಊರು ಬಿಟ್ಟು ಹೆದ್ದಾರಿ ಸೇರುವ ರಸ್ತೆ ಉದ್ದವಾಗಿತ್ತು. ಎರಡೂ ಕಡೆ ಗೋದಾಮುಗಳು, ಖಾಲಿ ನಿವೇಶನಗಳು. ಡಾಕ್ಟರಮ್ಮನ ಕಾಲಿಗೆ ಕ್ಲಚ್ಚು ಮೊದಲ ಸಲಕ್ಕೇ ಬಗ್ಗಿತು. ಅವರು ಹಲ್ಲಿನ ಬಗ್ಗೆ, ಹಾಳು ರಸ್ತೆಯ ಬಗ್ಗೆ ಮಾತಾಡಿದರು, "ನೀವಿಬ್ಬರೂ ಅಣ್ಣತಮ್ಮಂದಿರಾ?" ಎಂದು ಕೇಳಿದರು. ಚಿಲ್ಲರೆ "ಹೌದು" ಎಂದ. ಅಲ್ಲವೆಂದರೆ ಬಹಳ ಹೇಳಬೇಕಾಗುತ್ತಿತ್ತು. ಹೆದ್ದಾರಿಯ ಬಾಯಿಯಲ್ಲಿ ಇಳಿದು, ಕಾರಿನ ಮುಂದೆ ನಿಂತು ದೀಪ ನೋಡಿದ. ಅಷ್ಟು ಬೆಳಕನ್ನು ಅವನ ಕಣ್ಣು ತಡೆಯಲಿಲ್ಲ. ಎರಡೂ ಇವೆ ಎಂದು ಕೈಸನ್ನೆ ಮಾಡಿದ. ಕಾರು ಹೊರಳಿ, ಹೆದ್ದಾರಿಯ ಸಾಲಿನಲ್ಲಿ ಬೆರೆತು, ಎಲ್ಲ ಕಾರುಗಳಂತಾಗಿ ಹೋಯಿತು.

ಹಿಂದಕ್ಕೆ ನಡೆಯತೊಡಗಿದಾಗ ಕತ್ತಲು ನೆಲದಿಂದ ಏಳುತ್ತಿತ್ತು. ಗೋದಾಮಿನ ಮೊದಲ ದೀಪ ಹೊತ್ತಿದ್ದನ್ನು ಕಂಡು ಅವನು ನಿಂತ. ದೀಪ ಹಚ್ಚುವ ಹೊತ್ತಿಗೆ ಮಗಳು ಬರುತ್ತಾಳೆ. ಬಂದಿರುತ್ತಾಳೆ. ಮೊಂಡು ಕ್ಲಚ್ಚೆಂದು ಡ್ರೈವರಣ್ಣ ತನ್ನನ್ನು ಅಟ್ಟಿದನಲ್ಲ. ಆ ಕ್ಲಚ್ಚಿಗೆ ಏನೂ ಆಗಿರಲಿಲ್ಲವಲ್ಲ! ವ್ಯಾನಿನ ಬಾಗಿಲಲ್ಲಿ ಇಬ್ಬರು ಮುದುಕರು ಮುಖ ಮುಖ ನೋಡಿಕೊಂಡು ನಿಲ್ಲುವುದನ್ನು, ಅದರಲ್ಲಿ ಒಬ್ಬನಿಗೆ ಮುಖವೇ ಕಾಣದಿರುವುದನ್ನು, ಆ ಮಹಾರಾಯ ಮೊದಲೇ ತಪ್ಪಿಸಿಬಿಟ್ಟಿದ್ದ.

ಚಿಲ್ಲರೆ ಬಿರಬಿರನೆ ಹೆಜ್ಜೆ ಹಾಕಿದ. ಮತ್ತೆ ನಿಧಾನಿಸಿದ. ಆ ಮನೆಯಿಂದ ಹೆದ್ದಾರಿಗೆ ಇದ್ದದ್ದು ಇದೊಂದೇ ರಸ್ತೆ. ವ್ಯಾನು ಹೊರಟಿದ್ದರೆ ಎದುರಿಗೇ ಬರಬೇಕು.

ಎದುರಿಗೆ ಎರಡು ದೀಪಗಳು ಕಂಡವು. ಹತ್ತಿರ ಬರುತ್ತ ದೊಡ್ಡದಾಗಿ, ಕಣ್ಣು ಕುಕ್ಕಿ, ಅದರ ಹಿಂದಿನ ಗಾಡಿ ಯಾವುದು, ಅದರಲ್ಲಿರುವವರು ಯಾರು ಒಂದೂ ಕಾಣದಾಯಿತು. ಚಿಲ್ಲರೆ ರಸ್ತೆಯ ಅಂಚಿಗೆ ನಿಂತು ಕೈ ಎತ್ತಿದ. ಗಾಡಿ ಗಾಳಿಯೆಬ್ಬಿಸಿ ದಾಟಿತು. ಅದಿರಬಹುದೇ? ಇದ್ದರೂ, ಕಿಟಕಿಯ ಪಕ್ಕ ಕುಳಿತವನಿಗೆ ಎತ್ತಿದ ಕೈ ಕಾಣುವುದಿಲ್ಲ. ಎತ್ತಿದವನಿಗೆ ಕಿಟಕಿ ಕಾಣುವುದಿಲ್ಲ. ಮತ್ತೊಂದು ಜೋಡಿ ದೀಪ ಬಂದಿತು. ಅದಕ್ಕೂ ಕೈ ಎತ್ತಿದ. ಮತ್ತೊಂದು. ಅದಕ್ಕೂ. ಬಿಟ್ಟದ್ದೇ ಅವರದ್ದಾಗಿಬಿಟ್ಟರೆ?

ಕೊನೆಗೊಂದು ಜೋಡಿ ದೀಪ ನಿಧಾನಿಸಿತು. ಬ್ರೇಕು ಕೀರಲಿಟ್ಟು, ಅವನ ಮುಂದೆಯೇ ಬಂದು ನಿಂತಿತು. ಕಣ್ಣು ಸರಿಹೊಂದಿದಾಗ ನೋಡಿದರೆ, ಅದು ಬಸ್ಸು. ಅರ್ಧ ಖಾಲಿ. ಬಾಗಿಲಲ್ಲಿ ಜೋತುಬಿದ್ದಿದ್ದ ಕಂಡಕ್ಟರು ಬಗ್ಗಿ ಕೇಳಿದ:

"ಎಲ್ಲಿಗೆ ಯಜಮಾನರೇ? ಬೇಗ ಹತ್ತಿ."

"ಎಲ್ಲಿಗೂ ಇಲ್ಲಪ್ಪ."

"ಎಲ್ಲಿಗೂ ಇಲ್ಲ ಅಂದರೆ ಕೈ ಯಾಕೆ ತೋರಿಸಿದಿರಿ? ಇಳಿಜಾರಿನಲ್ಲಿ ನಿಲ್ಲಿಸಿದ್ದಾನೆ ಪಾಪ ಡ್ರೈವರು!"

"ತಪ್ಪಾಯ್ತು. ನಮ್ಮವರು ಅಂದ್ಕೊಂಡೆ. ನೀವು ಹೊರಡಿ."

ಕಂಡಕ್ಟರು ಏನೋ ಗೊಣಗಿ, ಬಾಗಿಲನ್ನು ಬಡಿದ. ಬಸ್ಸು ಹೋಯಿತು. ಒಳಗಿನ ದೀಪದಲ್ಲಿ ಕಿಟಕಿಗಳ ಸಾಲು ಒಂದೊಂದಾಗಿ ಅವನ ಮುಖದ ಮೇಲೆ ಹಾದು, ಮುಗಿಯಿತು. ರಸ್ತೆಯ ಆ ತುದಿಯಲ್ಲಿ ಇನ್ನೊಂದು ಜೋಡಿ ದೀಪಗಳು ತಿರುವು ದಾಟಿ ಇತ್ತ ಹೊರಳುತ್ತಿದ್ದವು. ಕೈ ಎತ್ತಬೇಕೋ ಬೇಡವೋ ಎಂದು ಅವನಿಗೆ ಒಂದು ಕ್ಷಣ ತಿಳಿಯಲಿಲ್ಲ.

ಎತ್ತಿದ.